ಹೊಳೆಯುವ ತುಕ್ಕು

"ಗಾಗಲ್ಸ್ ಹಾಕ್ಕೋ. ಕಣ್ಣಿಗೇನಾದ್ರೂ ಹಾರಿದ್ರೆ ನಿಮ್ಮ ಶೆರಿಫ್ ನನ್ನನ್ನೂ ಒಳಗೆ ಹಾಕ್ತಾನೆ. ಈಗೀಗ ಮುದುಕರನ್ನ ಹಿಡಿಯೋದೇ ಅವನ ಕೆಲಸ ಆಗಿದೆ."

ಹಾಗೆಂದು ಮಾರ್ಲಿಸ್ ಪೆಲ್ಟೊ ಗ್ರೈಂಡರಿನ ಗುಂಡಿ ಒತ್ತಿದಳು. ವೈಸಿನ ಇಕ್ಕಳಕ್ಕೆ ಬಿಗಿದಿದ್ದ ಹಳೆಯ ಚಾಸಿಯ, ಗಾಡಿಯಡಿಯ ಚೌಕಟ್ಟಿನ, ತುಂಡಿನ ಮೇಲೆ ಚಕ್ರ ಕಿರುಚಿತು. ಅವಳ ಪೇಂಟಂಗಡಿಯ ಹಿಂದಿನ ಕೋಣೆಯ ತುಂಬ ಕಿಡಿ.

ಲೋರ್ನಾ ಕೊಸ್ಕೆಲಾ ಒಂದು ಹೆಜ್ಜೆ ಹಿಂದೆ ಸರಿದಳು. ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಚೇರಿಯಲ್ಲಿ ತನಿಖಾಧಿಕಾರಿಯಾಗಿ ಹದಿನೇಳು ವರ್ಷ, ಅದಕ್ಕೂ ಮೊದಲು ಕಬ್ಬಿಣದ ಗಣಿಯ ಪ್ರಯೋಗಾಲಯದಲ್ಲಿ ಆರು ವರ್ಷ. ಲೋಹದ ತುಂಡೊಂದನ್ನು ನೋಡಿ ಅವಳು ಎಂದೂ ಹೆದರಿದವಳಲ್ಲ. ಇವತ್ತು ಹೆದರಿಕೆಯಾಗುತ್ತಿತ್ತು.

ಡ್ವೇನ್ ಹೈಕಿನೆನ್ನನ ಹಿಮ ತಳ್ಳುವ ಟ್ರಕ್ಕು ಚಾಸಿ ಮುರಿದು ಮಗುಚಿ, ಅವನು ಸತ್ತು ಹನ್ನೆರಡು ದಿನವಾಗಿತ್ತು. ಕೊಳೆತ ಚಾಸಿಗೆ ಕಪ್ಪು ಬಣ್ಣ ಬಳಿದು ಕೊಟ್ಟನೆಂಬ ಆರೋಪದ ಮೇಲೆ ಎಪ್ಪತ್ತೊಂದು ವರ್ಷದ ಮೆಕ್ಯಾನಿಕ್ ಆರ್ವೊ ನಿಯೆಮಿ ಲಾಕಪ್ಪು ಸೇರಿ ಮೂರು ದಿನ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ, ಆ ಚಾಸಿಯನ್ನು ಉಜ್ಜಿದ್ದು ಯಾವ ಚಕ್ರ ಎಂದು ಲೋರ್ನಾಗೆ ತಿಳಿಯಬೇಕಿತ್ತು.

ಗ್ರೈಂಡರ್ ನಿಂತಿತು.

"ಒಂದು ಆಯ್ತು," ಎಂದಳು ಮಾರ್ಲಿಸ್. "ಇದು ಕಲ್ಲಿನ ಚಕ್ರ. ಬೇಗ ಮುಗೀಬೇಕು ಅನ್ನೋರು ತಗೊಳ್ಳೋದು ಇದನ್ನೇ. ತುಕ್ಕೂ ಹೋಗುತ್ತೆ, ಅದರ ಜೊತೆ ಅರ್ಧ ಕಬ್ಬಿಣಾನೂ ಹೋಗುತ್ತೆ. ನೋಡು, ಉತ್ತ ಗದ್ದೆ ಥರ ಆಗಿದೆ."

ಲೋರ್ನಾ ಭೂತಗನ್ನಡಿ ಹಿಡಿದು ನೋಡಿದಳು. ಆಳವಾದ ಗೀರುಗಳು, ಅಂಚಿನಲ್ಲಿ ಬಿಸಿಗೆ ನೀಲಿಗಟ್ಟಿದ ಕಬ್ಬಿಣ.

"ಇನ್ನೊಂದು ಹಾಕಿ. ಅದೇ ತುಂಡು, ಪಕ್ಕದಲ್ಲಿ."

"ಅದೇ ತುಂಡು, ಅದೇ ಕೈ, ಅದೇ ಮುದುಕಿ," ಎನ್ನುತ್ತ ಮಾರ್ಲಿಸ್ ಚಕ್ರ ಬದಲಿಸಿದಳು. "ನೀನು ಕಾಲೇಜಲ್ಲಿ ಕಲಿತಿದ್ದು ಇನ್ನೂ ಬಿಟ್ಟಿಲ್ಲ ನೋಡು."

ಎರಡನೆಯದು ಉಪ್ಪುಕಾಗದದ ಪಟ್ಟಿಗಳನ್ನು ಹೂವಿನ ಎಸಳಿನಂತೆ ಒಂದರ ಮೇಲೊಂದು ಅಂಟಿಸಿದ ಫ್ಲ್ಯಾಪ್ ಡಿಸ್ಕ್, ನಲವತ್ತು ನಂಬರಿನದು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಬಿದ್ದ ಕಮಾನು ಗೀರುಗಳನ್ನು ಅದು ಉಳಿಸಿತು. ಕಲ್ಲಿನ ಚಕ್ರದಷ್ಟು ಒರಟಲ್ಲ, ಆದರೆ ಇದೂ ಕಬ್ಬಿಣವನ್ನು ತಿನ್ನುತ್ತದೆ.

ಮೂರನೆಯದು ನೇರಳೆ ಬಣ್ಣದ್ದು. ನೋಡಲು ಜೇನುಗೂಡಿನ ಹಾಗೆ, ಮುಟ್ಟಲು ಒಣಗಿದ ಸ್ಪಂಜಿನ ಹಾಗೆ, ತುಂಬ ತೂತುಗಳು. ಅದು ತಿರುಗಿದಾಗ ಕಿಡಿಯೇ ಬರಲಿಲ್ಲ. ಬಣ್ಣವೂ ತುಕ್ಕೂ ಕಂದು ಪುಡಿಯಾಗಿ ಉದುರಿದವು. ಅಡಿಯಲ್ಲಿ ಉಳಿದದ್ದು ಮಂಕು ಬಿಳಿಯ ಬರಿಯ ಕಬ್ಬಿಣ. ಗೀರಿಲ್ಲ, ಹೊಳಪೂ ಇಲ್ಲ. ತುಕ್ಕು ಕೊರೆದ ಸಣ್ಣ ಗುಂಡಿಗಳು ಎಷ್ಟು ಆಳವೆಂದು ಬರಿಗಣ್ಣಿಗೇ ಕಾಣುವಂತಿತ್ತು.

"ಇದು ಸತ್ಯ ಹೇಳೋ ಡಿಸ್ಕ್," ಎಂದಳು ಮಾರ್ಲಿಸ್. "ಅದಕ್ಕೇ ಜನಕ್ಕೆ ಆಗಲ್ಲ. ಮೀನು ಕೊಳ್ಳೋರ ಹಾಗೆ ತಿರುಗಿಸಿ, ಒತ್ತಿ, ಮೂಸಿ ನೋಡ್ತಾರೆ. ಆಮೇಲೆ ಪಕ್ಕದ್ದನ್ನ ತಗೊಂಡು ಹೋಗ್ತಾರೆ."

"ಆರ್ವೊ?"

"ಮೂವತ್ತು ವರ್ಷದಿಂದ ಆ ಮನುಷ್ಯ ಇದೊಂದೇ ಒಯ್ಯೋದು. ಪೆಟ್ಟಿಗೆಗಟ್ಟಲೆ."

ನಾಲ್ಕನೆಯದನ್ನು ಮಾರ್ಲಿಸ್ ತಕ್ಷಣ ಹಾಕಲಿಲ್ಲ. ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದಳು. ಹುರಿ ಹೆಣೆದ ತಂತಿಗಳ ಬಟ್ಟಲು. ಇಲ್ಲಿನವರು ವೈರ್ ಕಪ್ ಎನ್ನುತ್ತಾರೆ. ಕೊನೆಗೆ ಬಿಗಿದು, ಒತ್ತಿ, ನಾಲ್ಕು ಸಲ ಆಡಿಸಿ ನಿಲ್ಲಿಸಿದಳು.

ಕಬ್ಬಿಣ ಹೊಳೆಯುತ್ತಿತ್ತು. ಮಂಕು ಬಿಳಿಯಲ್ಲ, ನೀಲಿ ಬೆರೆತ ಗಾಢ ಹೊಳಪು, ಎಣ್ಣೆ ಸವರಿದ ಕಬ್ಬಿಣದ ಒಲೆಯ ಹಾಗೆ. ಲೋರ್ನಾ ಭೂತಗನ್ನಡಿ ಹಿಡಿದಳು. ಗುಂಡಿಗಳು ಕಾಣಲಿಲ್ಲ. ಜೇಬಿನಿಂದ ಚೂರಿ ತೆಗೆದು ಮೊನೆಯಿಂದ ಒಮ್ಮೆ ಕೆರೆದಳು. ಹೊಳಪಿನ ಅಡಿಯಿಂದ ಕಂದು ಪುಡಿ ಎದ್ದಿತು.

ತುಕ್ಕು ಹೋಗಿರಲಿಲ್ಲ. ತುಕ್ಕಿಗೆ ಪಾಲಿಶ್ ಆಗಿತ್ತು.

ಅವಳು ಚೀಲದಿಂದ ಸಾಕ್ಷ್ಯದ ಲಕೋಟೆ ತೆಗೆದಳು. ಡ್ವೇನನ ಚಾಸಿಯಿಂದ ಕೊಯ್ದ ತುಂಡು, ಮೊಳದುದ್ದ. ಅದರ ಮೇಲಿನ ಕಪ್ಪು ಬಣ್ಣವನ್ನು ಅವಳೇ ನಿನ್ನೆ ಬಣ್ಣ ಕರಗಿಸುವ ಲೋಳೆಯಂಥ ಔಷಧಿ ಹಚ್ಚಿ, ಮೆತ್ತನೆ ಬಟ್ಟೆಯಿಂದ ಒರೆಸಿ ತೆಗೆದಿದ್ದಳು. ಉಜ್ಜಿರಲಿಲ್ಲ. ಇನ್ನೊಬ್ಬರ ಗೀರಿನ ಮೇಲೆ ತನ್ನ ಗೀರು ಬೀಳಬಾರದು.

ಎರಡು ತುಂಡುಗಳನ್ನೂ ದೀಪದಡಿ ಅಕ್ಕಪಕ್ಕ ಇಟ್ಟರು. ಬಹಳ ಹೊತ್ತು ನೋಡಬೇಕಾಗಲಿಲ್ಲ.

ಡ್ವೇನನ ಚಾಸಿ ತುಂಡಿನ ತುದಿಯಲ್ಲಿ ಒಂದು ಗೇಣಿನಷ್ಟು ಜಾಗ ಮಂಕು ಬಿಳಿ. ಆ ಜಾಗದ ಮಧ್ಯದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅಲ್ಲಿಂದಾಚೆ, ಗೆರೆ ಎಳೆದ ಹಾಗೆ, ನೀಲಿ ಹೊಳಪು ಶುರು.

"ಎರಡು ಡಿಸ್ಕ್," ಎಂದಳು ಲೋರ್ನಾ.

"ಎರಡು ಕೈ," ಎಂದಳು ಮಾರ್ಲಿಸ್. "ಆರ್ವೊ ಏನಂದಿದ್ದ ನಿಮಗೆ?"

ಆರ್ವೊ ಹೇಳಿದ್ದು ಲೋರ್ನಾಗೆ ಬಾಯಿಪಾಠವಾಗಿತ್ತು. ಸೆಪ್ಟೆಂಬರಿನಲ್ಲಿ ಡ್ವೇನ್ ಗಾಡಿ ತಂದ. ಒಂದು ಗೇಣು ಉಜ್ಜಿದೆ, ತೂತು ಕಾಣಿಸ್ತು, ನಿಲ್ಲಿಸಿದೆ. ಇದನ್ನ ಗುಜರಿಗೆ ಹಾಕು ಅಂದೆ. ತಗೊಂಡು ಹೋದ. ಇಷ್ಟೇ. ಶೆರಿಫ್ ಅದನ್ನು ಕೇಳಿ ನಕ್ಕಿದ್ದ. ಲೋರ್ನಾ ನಕ್ಕಿರಲಿಲ್ಲ. ಆದರೆ ತಲೆ ತಗ್ಗಿಸಿಕೊಂಡು ಬರೆದುಕೊಂಡಿದ್ದಳು.

"ಮಾರ್ಲಿಸ್, ಈ ವೈರ್ ಕಪ್ ಯಾರು ಕೊಂಡ್ರು?"

ಮಾರ್ಲಿಸ್ ಕೈಗವಸು ಕಳಚಿ ಬೆಂಚಿನ ಮೇಲಿಟ್ಟಳು. ಒಂದನ್ನು ಇನ್ನೊಂದರ ಮೇಲೆ ಸರಿಯಾಗಿ ಜೋಡಿಸಿದಳು. ಆಮೇಲೆ ಮತ್ತೆ ಜೋಡಿಸಿದಳು.

"ಡ್ವೇನೇ."

"ಅವನು ಸತ್ತು ಹನ್ನೆರಡು ದಿನ ಆಯ್ತು, ಇದನ್ನ ಈಗ ಹೇಳ್ತೀರಲ್ಲ."

"ನೀನು ಕೇಳಿದ್ದು ಇವತ್ತು." ಅವಳೇ ಮುಂದುವರಿಸಿದಳು. "ಬೇಗ ಹೊಳಪು ಬರೋದು ಕೊಡಿ ಅಂದ. ಇದು ತುಕ್ಕು ತೆಗೆಯಲ್ಲಪ್ಪ, ಬರೀ ಪಾಲಿಶ್ ಮಾಡುತ್ತೆ ಅಂತ ಹೇಳ್ದೆ. 'ಅಷ್ಟೇ ಸಾಕು' ಅಂದ. ನಗ್ತಾ ಅಂದ. ಇದು ಸರಿಯಿಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು. ಆದ್ರೂ ಪೊಟ್ಟಣ ಕಟ್ಟಿ ಕೊಟ್ಟೆ. ಹತ್ತು ದಿನ ಬಿಟ್ಟು ಮತ್ತೆ ಬಂದು ಇನ್ನೊಂದು ಒಯ್ದ. ಒಂದು ಚಾಸಿಗೆ ಒಂದು ಕಪ್ ಧಾರಾಳ ಆಗುತ್ತೆ. ಯಾಕೆ ಇನ್ನೊಂದು ಅಂತ ನಾನು ಕೇಳಲಿಲ್ಲ."

ಎರಡನೆಯ ವೈರ್ ಕಪ್. ಲೋರ್ನಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅವಳ ಅಕ್ಷರ ಎಂದಿಗಿಂತ ಚಿಕ್ಕದಾಗಿ ಬಿತ್ತು.

"ಒಂದು ಹೇಳು," ಎಂದಳು ಮಾರ್ಲಿಸ್. "ನೀನು ಇದನ್ನೇ ಓದಿದೋಳು. ತಿಳಿದೋರು ಯಾರಾದ್ರೂ ಈ ಹೊಳಪಿಗೆ ಮೋಸ ಹೋಗ್ತಾರಾ?"

"ಹೋಗ್ತಾರೆ," ಎಂದು ಲೋರ್ನಾ ಲಕೋಟೆಯ ಬಾಯಿ ಮುಚ್ಚಿದಳು.

*

ಕಾರಿನಲ್ಲಿ ಕೂತು ಅವಳು ಎಂಜಿನ್ ಶುರು ಮಾಡಲಿಲ್ಲ. ಗಾಜಿನ ಮೇಲೆ ಹಿಮದ ಪುಡಿ ಕೂರುತ್ತಿತ್ತು. ಮಧ್ಯಾಹ್ನ ಎರಡೂವರೆ, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಕಾರಿನ ಬಾಗಿಲಿನ ಕೆಳಗೆ ಬಿಳಿಯ ಗೆರೆಗಳಾಗಿ ಒಣಗಿತ್ತು. ಈ ಊರಿನಲ್ಲಿ ಎಲ್ಲ ಗಾಡಿಯನ್ನೂ ಕೊನೆಗೆ ಉಪ್ಪೇ ತಿನ್ನುತ್ತದೆ. ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಮಾಡಿಸಬೇಕೆಂಬ ಕಾನೂನು ಈ ರಾಜ್ಯದಲ್ಲಿಲ್ಲ. ಹಾಗಾಗಿ ಜನ ಒಬ್ಬರನ್ನೊಬ್ಬರು ಕರೆದು ತೋರಿಸುತ್ತಾರೆ. ಬಾ, ಒಂದು ಸಲ ಅಡಿ ನೋಡು, ನಿನಗೆ ಗೊತ್ತಾಗುತ್ತೆ.

ಅಕ್ಟೋಬರಿನ ಎರಡನೆಯ ಶನಿವಾರ ಡ್ವೇನ್ ಅವಳನ್ನು ಹಾಗೆಯೇ ಕರೆದಿದ್ದ.

ಅವತ್ತು ಅವರ ಮನೆಯಲ್ಲಿ ಸೌನಾ. ಡ್ವೇನನ ಹೆಂಡತಿ ಬಾನಿ ಮತ್ತು ಲೋರ್ನಾ ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವರು. ತಿಂಗಳಿಗೊಮ್ಮೆಯಾದರೂ ಅಲ್ಲಿ ಹಬೆ ಸ್ನಾನ, ಊಟ. ಮೈ ಬಿಸಿಯಾಗಿ, ಕೂದಲು ಒದ್ದೆಯಾಗಿ, ಅವಳು ಒಗೆದ ಕೋಟು ತೊಟ್ಟು ಗ್ಯಾರೇಜಿಗೆ ಹೋಗಿದ್ದಳು. ಅಡುಗೆಮನೆಯಿಂದ ಬೇಯುತ್ತಿದ್ದ ಪ್ಯಾಸ್ಟಿಯ, ಮಾಂಸ ತುಂಬಿದ ಕಡುಬಿನ, ವಾಸನೆ ಬರುತ್ತಿತ್ತು. ಡ್ವೇನ್ ಟಾರ್ಚು ಹಿಡಿದಿದ್ದ. ತಾನು ಎಲ್ಲಿ ಹಿಡಿದನೋ ಅಲ್ಲಿ ಮಾತ್ರ ಬೆಳಕು.

ಚಾಸಿ ಬಣ್ಣವಿಲ್ಲದೆ ಬರಿಯದಾಗಿ ಹೊಳೆಯುತ್ತಿತ್ತು.

"ಕನ್ನಡಿ ಆಗಿದೆಯಲ್ಲೋ, ಚೆನ್ನಾಗಿದೆ," ಎಂದಿದ್ದಳು. ಅಷ್ಟೇ. ಬಗ್ಗಿದ್ದಳು, ನೋಡಿದ್ದಳು, ಎದ್ದಿದ್ದಳು. ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದ್ದರೆ ಸಾಕಿತ್ತು. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ನುಡಿಯುತ್ತದೆ, ಕೊಳೆತದ್ದು ಒದ್ದೆ ಹಲಗೆಯ ಹಾಗೆ. ಇಲ್ಲಿ ಹತ್ತು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಅವಳಿಗೆ ಕೋಟು ಕೊಳೆಯಾಗುವುದು ಬೇಡವಾಗಿತ್ತು. ಹಸಿವಾಗಿತ್ತು. ಮೇಲಾಗಿ, ತನಗೆ ಪೆಟ್ಟು ಹಾಕಿ ನೋಡುವ ಅಗತ್ಯವಿಲ್ಲ, ನೋಡಿದರೆ ಸಾಕು ಎಂಬ ಒಂದು ಸಣ್ಣ ಜಂಬವೂ ಇತ್ತು.

ಹತ್ತು ನಿಮಿಷ. ಅಪಘಾತದ ಬಗ್ಗೆ ಅವಳು ಬರೆದ ಹನ್ನೊಂದು ಪುಟದ ವರದಿಯಲ್ಲಿ ಎಲ್ಲವೂ ಇತ್ತು; ಆ ಹತ್ತು ನಿಮಿಷ ಮಾತ್ರ ಇರಲಿಲ್ಲ.

ಸುಳ್ಳು ಬರೆದಿರಲಿಲ್ಲ. ತನಗೆ ತಾನೇ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದಳೋ ಲೆಕ್ಕವಿಲ್ಲ. ಗಾಡಿ ಅಕ್ಟೋಬರಿನ ನಂತರ ಮತ್ತೆ ಆರ್ವೊನ ಬಳಿ ಹೋಗಿರಬಹುದು, ಬಣ್ಣ ಅವನೇ ಬಳಿದಿರಬಹುದು ಎಂದು ವಾದ ಹೂಡಿದ್ದಳು. ಸಾಧ್ಯತೆಯೊಂದನ್ನು ಹೀಗೆ ಜೋಪಾನ ಮಾಡುವುದು ವಿಜ್ಞಾನ ಓದಿದವರಿಗೆ ಸುಲಭ. ಆದರೆ ಆ ಹತ್ತು ನಿಮಿಷ ವರದಿಯಲ್ಲಿದ್ದಿದ್ದರೆ, ಆರ್ವೊನ ಗ್ಯಾರೇಜು ಬಿಟ್ಟ ಮೇಲೆ ಚಾಸಿ ಬೇರೊಬ್ಬರ ಕೈಯಲ್ಲಿ ಉಜ್ಜಿಸಿಕೊಂಡಿತ್ತು ಎಂಬುದು ಮೊದಲ ದಿನವೇ ಗೊತ್ತಾಗುತ್ತಿತ್ತು. ಸರ್ಕಾರಿ ವಕೀಲ ಆ ಮುದುಕನ ಹೆಸರನ್ನೇ ಎತ್ತುತ್ತಿರಲಿಲ್ಲ.

ಈಗ ಹೇಳಿದರೆ ಅವಳ ಕೆಲಸ ಹೋಗುತ್ತದೆ. ಬಾನಿಯೂ ಕೈಬಿಟ್ಟು ಹೋಗುತ್ತಾಳೆ. ಹೇಳದಿದ್ದರೆ ನಾಳೆ ಒಂಬತ್ತಕ್ಕೆ ಆರ್ವೊ ಜೈಲಿಗೆ ಹೋಗುತ್ತಾನೆ.

ಎಂಜಿನ್ ಶುರು ಮಾಡಿದಳು. ಅಡ್ಡರಸ್ತೆಯಲ್ಲಿ ಬಲಕ್ಕೆ ತಿರುಗಿದರೆ ಕೋರ್ಟು, ಎಡಕ್ಕೆ ಬಾನಿಯ ಮನೆ. ಎಡಕ್ಕೆ ತಿರುಗಿದಳು. ಮೊದಲು ಅವಳಿಗೆ ಹೇಳುವುದು ನ್ಯಾಯ ಎಂದುಕೊಂಡಳು. ಅದು ನ್ಯಾಯವೋ, ಇನ್ನರ್ಧ ಗಂಟೆಯ ಮುಂದೂಡಿಕೆಯೋ ಎಂಬ ಪ್ರಶ್ನೆ ಬಾನಿಯ ಅಂಗಳ ಬರುವವರೆಗೂ ಬೆನ್ನು ಬಿಡಲಿಲ್ಲ.

*

ಬಾನಿಯ ಕೈ ಮೊಣಕೈವರೆಗೂ ಹಿಟ್ಟಾಗಿತ್ತು. ಮೇಜಿನ ಮೇಲೆ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ದನದ ಮಾಂಸ. ಫ್ರಿಜ್ಜಿನ ಮೇಲೆ ಪೊಲೀಸ್ ವೈರ್‌ಲೆಸ್ ಕೇಳುವ ಪುಟ್ಟ ಸ್ಕ್ಯಾನರ್ ಗೊರಗೊರ ಎನ್ನುತ್ತಿತ್ತು. ಈ ಕೌಂಟಿಯ ಪ್ರತಿ ಅಡುಗೆಮನೆಯಲ್ಲೂ ಅದೊಂದು ಇರುತ್ತದೆ. ಯಾರ ದನ ರಸ್ತೆಗೆ ಬಂತು, ಯಾರ ಚಿಮಣಿಗೆ ಬೆಂಕಿ ಬಿತ್ತು ಎಂದು ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ.

"ಬಾಗಿಲು ಹಾಕೇ, ಚಳಿ ಬರುತ್ತೆ," ಎಂದಳು ಬಾನಿ. "ಜನ ತಂದಿಟ್ಟ ಅಡುಗೆ ಫ್ರೀಜರ್ ತುಂಬ ಇದೆ. ಆದ್ರೂ ಕೈ ಸುಮ್ಮನಿರಲ್ಲ. ಕೂತ್ಕೋ. ನಾಳೆ ಆ ಮುದುಕನಿಗೆ ಏನಾಗುತ್ತಂತೆ?"

ಲೋರ್ನಾ ಕೂರಲಿಲ್ಲ.

"ಬಾನಿ, ಅಕ್ಟೋಬರ್‌ನಲ್ಲಿ ಡ್ವೇನ್ ನನ್ನನ್ನ ಗ್ಯಾರೇಜಿಗೆ ಕರ್ಕೊಂಡು ಹೋಗಿದ್ದ. ಚಾಸಿ ತೋರಿಸಿದ. ಚೆನ್ನಾಗಿದೆ ಅಂದೆ. ಸುತ್ತಿಗೆ ಹಾಕಿ ನೋಡಲಿಲ್ಲ. ಇದನ್ನ ನಾನು ಯಾರಿಗೂ ಹೇಳಿಲ್ಲ. ವರದೀಲೂ ಬರೆದಿಲ್ಲ."

ಬಾನಿ ಹಿಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಗೊತ್ತು ಅಂದ್ರೆ?"

"ನಿನಗೆ ಪ್ಯಾಸ್ಟಿ ಕಟ್ಟಿಕೊಟ್ಟೋಳು ನಾನೇ ಅಲ್ವೇನೇ? ಕಿಟಕೀಲಿ ನಿಂತಿದ್ದೆ." ಹಿಟ್ಟಿನ ಉಂಡೆಯನ್ನು ತಿರುವಿ ಹಾಕಿದಳು. "ನೀನು ಹೋದಮೇಲೆ ಅವನು ಒಳಗೆ ಬಂದ. ಬಿದ್ದು ಬಿದ್ದು ನಗ್ತಿದ್ದ. ಲೋರ್ನಾಗೇ ಗೊತ್ತಾಗಲಿಲ್ಲ ಅಂದ್ರೆ ಈ ಊರಲ್ಲಿ ಯಾರಿಗೂ ಗೊತ್ತಾಗಲ್ಲ ಅಂದ."

ಲೋರ್ನಾ ಕುರ್ಚಿಯ ಬೆನ್ನು ಹಿಡಿದಳು. ಅವನು ಅವಳ ಸಲಹೆ ಕೇಳಿರಲಿಲ್ಲ. ತನ್ನ ಕೆಲಸವನ್ನು ಅವಳ ಕಣ್ಣ ಮೇಲೆ ಪರೀಕ್ಷಿಸಿದ್ದ.

"ಆರ್ವೊ ಗಾಡಿ ವಾಪಸ್ ಕಳಿಸಿದ್ದು ನಿನಗೆ ಗೊತ್ತಿತ್ತು?"

"ಗೊತ್ತಿತ್ತು. ಅವತ್ತೇ ಡ್ವೇನ್ ಮನೆಗೆ ಬಂದು ಬೈದ, ಮುದುಕ ತಲೆ ಕೆಟ್ಟವನು ಅಂತ. ಮಾರಬೇಕು ಅಂತಲೇ ಉಜ್ಜಿದ್ದು ಕಣೇ. ಕೊಳ್ಳೋನು ಕೂಡ ಸಿಕ್ಕಿದ್ದ. ಅಷ್ಟರಲ್ಲಿ ಹಿಮ ಶುರುವಾಯ್ತು. ಒಂದೇ ಒಂದು ಸಲ ಹಿಮ ತಳ್ಳೋ ಹಲಗೆ ಕಟ್ಟಿ ರಸ್ತೆ ತೆಗೀತೀನಿ ಅಂದ. ಒಂದು ಎರಡಾಯ್ತು. ಡಿಸೆಂಬರ್ ಪೂರ್ತಿ ಓಡಿಸಿದ." ಬಾನಿ ಮೊದಲ ಸಲ ತಲೆ ಎತ್ತಿದಳು. "ಬೇಡ ಅಂದೆ. ತೂತು ಬಿದ್ದಿದೆ ಅಂತ ನಿನಗೇ ಗೊತ್ತಲ್ಲೋ ಅಂದೆ. 'ಲೋರ್ನಾ ಚೆನ್ನಾಗಿದೆ ಅಂದಳಲ್ಲ' ಅಂದ. ಮೊದಲು ತಮಾಷೆಗೆ ಅಂತಿದ್ದ. ಆಮೇಲೆ ತಮಾಷೆ ಇರಲಿಲ್ಲ. ಅವನೇ ನಂಬಿಬಿಟ್ಟಿದ್ದ."

ಒಲೆಯ ಮೇಲಿನ ನೀರು ಕುದಿಯುತ್ತಿತ್ತು. ಇಬ್ಬರೂ ಅದನ್ನು ಇಳಿಸಲಿಲ್ಲ.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಲೋರ್ನಾಳ ದನಿ ಅವಳಿಗೇ ತನಿಖೆಯ ದನಿಯಾಗಿ ಕೇಳಿಸಿತು. ನಾಚಿಕೆಯಾಯಿತು.

"ನೀನು ಯಾಕೆ ಸುಮ್ಮನಿದ್ದೆ?"

ಲೋರ್ನಾ ಹೋಗಿ ಒಲೆ ಆರಿಸಿದಳು.

"ಸತ್ತವನು ತನ್ನ ಸಾವನ್ನ ತಾನೇ ಪಾಲಿಶ್ ಮಾಡ್ಕೊಂಡ ಅಂತ ಚರ್ಚಲ್ಲಿ ಎದ್ದು ನಿಂತು ಹೇಳ್ಲಾ? ಅವನ ತಾಯಿ ಮುಂದೆ ಹೇಳ್ಲಾ?" ಬಾನಿ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿದಳು. "ನೀವು ಆರ್ವೊನ ಹೆಸರು ಹೇಳಿದ್ರಿ. ನಾನು ಹೂಂ ಅಂದೆ. ಮೊದಲನೇ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ರಾತ್ರಿ ಬಂತು. ಅದೇ ನನಗೆ ಹೆದರಿಕೆ ಆಗಿದ್ದು."

ಎಪ್ಪತ್ತೊಂದು ವರ್ಷದ ಒಬ್ಬ ಮನುಷ್ಯ, ಕಬ್ಬಿಣದ ಧೂಳಿನಿಂದ ಎದೆ ಕಟ್ಟಿದವನು, ಲಾಕಪ್ಪಿನ ಬೆಂಚಿನ ಮೇಲೆ ಮಲಗಿ ಕೆಮ್ಮುತ್ತಿದ್ದ. ಅವನನ್ನು ಅಲ್ಲಿ ಹಿಡಿದಿಟ್ಟದ್ದು ಬೀಗವಲ್ಲ. ಇಬ್ಬರು ಗೆಳತಿಯರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಎರಡು ಕಡೆಯಿಂದ ಒತ್ತಿ ಹಿಡಿದ ಬಾಗಿಲು ಅದು.

"ಈಗ ನನ್ನ ಜೊತೆ ಕೋರ್ಟಿಗೆ ಬಾ," ಎಂದಳು ಲೋರ್ನಾ. "ಇಬ್ಬರೂ ಹೇಳೋಣ. ಇವತ್ತೇ. ಆರ್ವೊನ ಬಿಡಿಸಿಕೊಂಡು ಬರೋಣ."

ಬಾನಿ ಬೇಡವೆನ್ನಲಿಲ್ಲ. ಏಪ್ರನ್ನಿನ ಗಂಟಿಗೆ ಕೈ ಹಾಕಿದಳು.

ಆಗಲೇ ಲೋರ್ನಾಗೆ ಪುಸ್ತಕದಲ್ಲಿ ಬರೆದುಕೊಂಡದ್ದು ನೆನಪಾಯಿತು. ಕೇಳದೆಯೂ ಹೊರಡಬಹುದಿತ್ತು. ಕೇಳಿದಳು.

"ಡ್ವೇನ್ ಹತ್ತು ದಿನ ಬಿಟ್ಟು ಇನ್ನೊಂದು ವೈರ್ ಕಪ್ ಯಾಕೆ ತಂದ?"

ಬಾನಿಯ ಕೈ ಗಂಟಿನಲ್ಲೇ ನಿಂತಿತು.

"ಬಾನಿ."

"ಅದು ಟ್ರಕ್ಕಿಗಲ್ಲ."

"ಮತ್ತೆ?"

"ಹರಾಜಲ್ಲಿ ತಂದಿದ್ನಲ್ಲ, ಹಳೇ ವ್ಯಾನು. ಹನ್ನೆರಡು ಸೀಟಿಂದು. ಅದರ ಅಡಿ ಟ್ರಕ್ಕಿಗಿಂತ ಕೆಟ್ಟಿತ್ತು. ಇದು ನಡೀತು, ಅದೂ ನಡಿಯುತ್ತೆ ಅಂದ." ಅವಳ ದನಿ ಸಣ್ಣದಾಯಿತು. "ನವೆಂಬರ್‌ನಲ್ಲಿ ಮಾರಿದ. ಗುಡ್ಡದ ಚರ್ಚಿನೋರಿಗೆ."

ಗುಡ್ಡದ ಚರ್ಚಿನ ಬಿಳಿ ವ್ಯಾನನ್ನು ಲೋರ್ನಾ ವಾರಕ್ಕೆ ಮೂರು ಸಲ ನೋಡುತ್ತಿದ್ದಳು. ಕಿಡ್ನಿ ಕೆಟ್ಟ ವಯಸ್ಸಾದವರನ್ನು ತುಂಬಿಕೊಂಡು, ಸರೋವರದ ದಂಡೆಯ ರಸ್ತೆಯಲ್ಲಿ, ದೊಡ್ಡ ಊರಿನ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಹೋಗುವ ವ್ಯಾನು. ಮಂಗಳವಾರ, ಗುರುವಾರ, ಶನಿವಾರ. ಪಾದ್ರಿಯೇ ಓಡಿಸುತ್ತಿದ್ದ.

ಇವತ್ತು ಗುರುವಾರ.

"ಅವರು ಅಡಿ ನೋಡಲಿಲ್ವಾ? ಪಾದ್ರಿ ಯಾರನ್ನೂ ಕೇಳಲಿಲ್ವಾ?"

"ಕೇಳಿದ್ರು. ಆರ್ವೊಗೆ ತೋರಿಸಿ ತಗೋತೀವಿ ಅಂದ್ರು." ಬಾನಿ ಕಣ್ಣು ತಪ್ಪಿಸಲಿಲ್ಲ; ತಪ್ಪಿಸಿದ್ದರೆ ಲೋರ್ನಾಗೆ ಸುಲಭವಾಗುತ್ತಿತ್ತು. "ಡ್ವೇನ್ ಅಂದ, ಆರ್ವೊ ಯಾಕೆ, ಲೋರ್ನಾ ಕೊಸ್ಕೆಲಾನೇ ನೋಡಿದ್ದಾಳೆ ಅಂತ. ಪೊಲೀಸು, ಮೇಲಾಗಿ ಲೋಹದ ಲ್ಯಾಬಲ್ಲಿದ್ದೋಳು. ಪಾದ್ರಿ ಮರು ಮಾತಾಡಲಿಲ್ಲ. ನೀನು ಆ ವ್ಯಾನಿನ ಅಡಿ ನೋಡೇ ಇಲ್ಲ, ಆದ್ರೂ ನಿನ್ನ ಹೆಸರಿನ ಮೇಲೆ ಮಾರಿದ ಕಣೇ."

ಲೋರ್ನಾ ಭುಜದ ಮೇಲಿನ ರೇಡಿಯೊ ಹಿಡಿದಾಗ ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು.

"ಗ್ಲೆನ್, ಲೋರ್ನಾ ಮಾತಾಡ್ತಿದೀನಿ. ಗುಡ್ಡದ ಚರ್ಚಿನ ವ್ಯಾನು ಎಲ್ಲಿದ್ರೂ ನಿಲ್ಲಿಸಿ. ಈಗಲೇ."

ಫ್ರಿಜ್ಜಿನ ಮೇಲಿನ ಸ್ಕ್ಯಾನರಿನಿಂದ ಅವಳದೇ ದನಿ ಒಂದು ಚಿಟಿಕೆ ತಡವಾಗಿ ಹೊರಬಿತ್ತು. ಕಂಟ್ರೋಲ್ ರೂಮಿನ ಗ್ಲೆನ್ ಮಾಕಿ ಎಂದಿನಂತೆ ನಿಧಾನ.

"ಆಯ್ತು. ಕಾರಣ ಏನು ಅಂತ ಬರ್ಕೊಳ್ಲಿ?"

"ಚಾಸಿ ಕೊಳೆತಿದೆ. ಮುರೀಬಹುದು."

"ಮಾಹಿತಿ ಯಾರದು?"

ನಂಬುವಂಥ ಮೂಲದಿಂದ ಎಂದರೆ ಸಾಕಿತ್ತು. ದಿನಕ್ಕೆ ನಾಲ್ಕು ಸಲ ಅನ್ನುವ ಮಾತು. ಗ್ಲೆನ್ ಬರೆದುಕೊಂಡು ಮುಂದೆ ಹೋಗುತ್ತಿದ್ದ. ಕೌಂಟಿಯ ಎಲ್ಲ ಅಡುಗೆಮನೆಗಳಲ್ಲಿ ಸ್ಕ್ಯಾನರ್ ಗೊರಗುಟ್ಟುತ್ತಿತ್ತು. ಮಾರ್ಲಿಸ್‌ಳ ಗಲ್ಲಾದ ಪಕ್ಕದಲ್ಲಿ, ಲಾಕಪ್ಪಿನ ಕಾವಲಿನವನ ಮೇಜಿನ ಮೇಲೆ, ಡ್ವೇನನ ತಾಯಿಯ ಕಿಟಕಿಯಲ್ಲಿ.

ಬಾನಿ ಅವಳನ್ನೇ ನೋಡುತ್ತಿದ್ದಳು.

ಲೋರ್ನಾ ಗುಂಡಿ ಒತ್ತಿದಳು.

"ಡ್ವೇನ್ ಹೈಕಿನೆನ್ ಅದರ ತುಕ್ಕಿಗೆ ಪಾಲಿಶ್ ಹಾಕಿ ಮಾರಿದ್ದಾನೆ. ತನ್ನ ಟ್ರಕ್ಕಿಗೂ ಹಾಗೇ ಮಾಡಿದ್ದ. ಆ ಟ್ರಕ್ಕಿನ ಚಾಸಿ ಅಕ್ಟೋಬರ್‌ನಲ್ಲಿ ನೋಡಿ ಚೆನ್ನಾಗಿದೆ ಅಂತ ಹೇಳಿದ್ದು ನಾನು. ನನ್ನ ಹೆಸರು ಕೇಳಿ ಚರ್ಚಿನೋರು ವ್ಯಾನು ತಗೊಂಡ್ರು. ನಾನಿದನ್ನ ವರದೀಲಿ ಬರೀಲಿಲ್ಲ. ಆರ್ವೊ ನಿಯೆಮಿ ಏನೂ ಮಾಡಿಲ್ಲ. ಹೀಗೇ ಬರ್ಕೋ."

ಸ್ಕ್ಯಾನರ್ ಅದನ್ನೆಲ್ಲ ಮತ್ತೊಮ್ಮೆ ಹೇಳಿ ಮುಗಿಸಿತು. ಆಮೇಲೆ ಬರಿಯ ಗೊರಗೊರ. ಗ್ಲೆನ್ ಯಾರಿಗೋ ಫೋನು ಹಚ್ಚಿದ ಸದ್ದು, ರಿಂಗಾಗುತ್ತಲೇ ಇದ್ದ ಸದ್ದು. ಇನ್ನೊಂದು ನಂಬರು. ಅವನು ಯಾರೊಂದಿಗೋ ಎರಡು ಮಾತಾಡಿದ. ಒಂದು ನಿಮಿಷ ಕಳೆಯಿತು, ಇನ್ನೊಂದು ಅರ್ಧ.

"ಲೋರ್ನಾ."

"ಹೇಳು."

"ಆಸ್ಪತ್ರೆಯಿಂದ ಒಂದು ಗಂಟೆಗೇ ಹೊರಟಿದೆಯಂತೆ. ಇಲ್ಲಿಗೆ ಒಂದೂಕಾಲು ಗಂಟೆ ದಾರಿ. ಚರ್ಚಿಗೆ ಇನ್ನೂ ಬಂದಿಲ್ಲ. ಪಾದ್ರಿ ಫೋನ್ ತೆಗೀತಿಲ್ಲ."

"ಒಳಗೆ ಎಷ್ಟು ಜನ?"

ಗ್ಲೆನ್ ಮತ್ತೆ ಮಾತಾಡಿದಾಗ ಅದು ಕಂಟ್ರೋಲ್ ರೂಮಿನ ದನಿಯಾಗಿರಲಿಲ್ಲ.

"ಏಳು ಜನ. ನಮ್ಮಮ್ಮ ಅದರಲ್ಲಿದ್ದಾಳೆ, ಲೋರ್ನಾ."